ಸಹಾಯ ಬೇಕು: ‘ಪರಿಹಾರ ಇಲ್ಲ’ ಅಂತ ಪ್ರೋಗ್ರಾಂ ಯಾವಾಗ ಹೇಳಬೇಕು?

ನಂಪೈ (ಪೈಥಾನ್‌ನ ಗಣಿತ ಲೈಬ್ರರಿ) ಬಲ್ಲವರು ದಯವಿಟ್ಟು ನೋಡಿ. ಮೂರು ಚರಾಕ್ಷರ, ಮೂರು ರೇಖಾತ್ಮಕ ಸಮೀಕರಣ. ಸಹಗುಣಕಗಳು, ಗೆರೆಯಾಚೆ ಬಲಬದಿ:

1  2  3 | 1
4  5  6 | 2
7  8  9 | 4

ಕೈಲೆಕ್ಕದಲ್ಲಿ ಗೊಂದಲವಿಲ್ಲ. ಎರಡನೇ ಸಾಲಿನಿಂದ ಮೊದಲನೆಯದರ 4 ಪಟ್ಟು ಕಳೆದರೆ 0, −3, −6 | −2. ಮೂರನೆಯದರಿಂದ 7 ಪಟ್ಟು ಕಳೆದರೆ 0, −6, −12 | −3. ಈಗ ಹೊಸ ಎರಡನೇ ಸಾಲಿನ 2 ಪಟ್ಟನ್ನು ಮೂರನೆಯದರಿಂದ ಕಳೆಯಿರಿ: 0, 0, 0 | 1. ಅಂದರೆ 0 = 1, ಪರಿಹಾರ ಇಲ್ಲ. ಬಲಬದಿಯ 4ರ ಜಾಗದಲ್ಲಿ 3 ಇದ್ದಿದ್ದರೆ 0 = 0 ಬಂದು ಅನಂತ ಪರಿಹಾರಗಳು. ಹಾಗಾಗಿ ಡಿಟರ್ಮಿನೆಂಟ್ (ಸಹಗುಣಕಗಳಿಂದ ಲೆಕ್ಕಹಾಕುವ ಸಂಖ್ಯೆ; ಅದು ಸೊನ್ನೆಯಾದರೆ ಏಕೈಕ ಪರಿಹಾರ ಇರದು) ಸೊನ್ನೆ ಅಂದಾಕ್ಷಣ ‘ಪರಿಹಾರ ಇಲ್ಲ’ ಅನ್ನುವಂತಿಲ್ಲ. ಬಲಬದಿ ಸೇರಿಸಿದಾಗ ರ‍್ಯಾಂಕ್ (ಒಂದನ್ನೊಂದು ಅವಲಂಬಿಸದ ಸಾಲುಗಳ ಸಂಖ್ಯೆ) ಏರಬೇಕು. ಇಲ್ಲಿ 2 ಇದ್ದದ್ದು 3 ಆಗುತ್ತದೆ.

ತೊಡಕು ಇರುವುದು ದಶಮಾಂಶದಲ್ಲಿ. ಕೊನೆಯ 9 ಅಳತೆಯಿಂದ ಬಂದ ಸಂಖ್ಯೆಯಾಗಿ 9.001 ಆಯಿತು ಅನ್ನಿ. ಡಿಟರ್ಮಿನೆಂಟ್ −0.003, ಕೊನೆಯ ಸಾಲು 0, 0, 0.001 | 1. ಮೂರನೇ ಚರಾಕ್ಷರಕ್ಕೆ ಸೀದಾ 1000, ಎರಡನೆಯದಕ್ಕೆ ಸುಮಾರು −1999.33! ಪ್ರೋಗ್ರಾಂ ಯಾವ ಎಚ್ಚರಿಕೆಯನ್ನೂ ಕೊಡದೆ ಇದನ್ನೇ ಉತ್ತರ ಅನ್ನುತ್ತದೆ. ರ‍್ಯಾಂಕ್ ಫಂಕ್ಷನ್ನಿನ ಡೀಫಾಲ್ಟ್ ಮಿತಿ (ಇದಕ್ಕಿಂತ ಚಿಕ್ಕದನ್ನು ಸೊನ್ನೆ ಎಂದೇ ಎಣಿಸುವ ಗಡಿ) ಬರೀ ಯಂತ್ರದ ಪೂರ್ಣಾಂಕನ ದೋಷಕ್ಕೆ (2.2 × 10⁻¹⁶) ಹೊಂದಿಸಿದ್ದು, ಅಳತೆಯ ದೋಷ ಅದಕ್ಕೆ ಗೊತ್ತಿಲ್ಲ.

ಪ್ರತಿ ಸಹಗುಣಕದಲ್ಲೂ ±0.005 ದೋಷ ಇದ್ದರೆ ಮಿತಿಯನ್ನು ಎಷ್ಟಕ್ಕೆ ಇಡಬೇಕು? ಸಾಲುಗಳ ಮಾನ ಬೇರೆಬೇರೆ (ಒಂದು ಮೀಟರ್, ಇನ್ನೊಂದು ಕಿಲೋಗ್ರಾಂ) ಇದ್ದಾಗ ಮೊದಲು ಸ್ಕೇಲ್ ಮಾಡಬೇಕೇ? ಡಿಟರ್ಮಿನೆಂಟ್ ಚಿಕ್ಕದಿದೆಯೇ ನೋಡಿ ಎಂಬ ಸಲಹೆ ಮಾತ್ರ ಬೇಡ. ಸಾಲನ್ನು 1000ದಿಂದ ಗುಣಿಸಿದರೆ ಅದೂ 1000 ಪಟ್ಟಾಗುತ್ತದೆ.