ಅಪ್‌ಡೇಟ್: ಬಿ.ಲಿಬ್ ಓದುತ್ತಲೇ ಶಾಲಾ ಗ್ರಂಥಾಲಯ ನೋಡಿಕೊಳ್ಳುವುದು

ವಿಜಯಪುರದ ಪ್ರೌಢಶಾಲೆಯೊಂದರ ಗ್ರಂಥಾಲಯದ ಹೊಣೆ, ಜೊತೆಗೆ ಬಿ.ಲಿಬ್ (ಗ್ರಂಥಾಲಯ ವಿಜ್ಞಾನದ ಪದವಿ) ಓದು, ಮೊದಲು ಸಾಫ್ಟ್‌ವೇರ್ ಕಲಿಯಲೋ, ರಿಜಿಸ್ಟರ್ ಹಿಡಿಯಲೋ ಅಂತ ಕೇಳಿದ್ದೆ. ರಿಜಿಸ್ಟರ್ ಅಂದ ಹಿರಿಯರಿಗೆಲ್ಲ ಮನಸಾರೆ ಧನ್ಯವಾದ್ರೀ. ಅದೇ ಸರಿಯಾದ ದಾರಿ.

ಅಕ್ಸೆಶನ್ ರಿಜಿಸ್ಟರಿನಲ್ಲಿ, ಅಂದರೆ ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ರಿಜಿಸ್ಟರಿನಲ್ಲಿ, ಒಂದು ಪ್ರತಿಗೆ ಒಂದು ನಂಬರು. ಒಂದೇ ಪುಸ್ತಕದ 5 ಪ್ರತಿ ಬಂದರೆ 5 ಸಾಲು. ದಾನವಾಗಿ ಬಂದದ್ದಕ್ಕೂ ಅಷ್ಟೇ. ಪುಸ್ತಕ ಕಳೆದರೆ ಷರಾ ಕಾಲಮ್ಮಿನಲ್ಲಿ ಬರೆಯಬೇಕು, ಆ ನಂಬರನ್ನು ಮತ್ತೊಂದಕ್ಕೆ ಕೊಡಬಾರದು. ಕೊಟ್ಟರೆ ವಾರ್ಷಿಕ ಪರಿಶೀಲನೆಯಲ್ಲಿ ಲೆಕ್ಕ ತಾಳೆಯಾಗುವುದೇ ಇಲ್ಲ.

ಪುಸ್ತಕಗಳಿಗೆ ವಿಷಯವಾರು ನಂಬರು ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814. ಕೊನೆಗೆ ಕಾವ್ಯಕ್ಕೆ 1, ನಾಟಕಕ್ಕೆ 2, ಕಥೆ-ಕಾದಂಬರಿಗೆ 3 ಸೇರುತ್ತದೆ. ಶಾಲೆಯ ಕಪಾಟಿನಲ್ಲಿ ಸಾಲುಗಟ್ಟಲೆ 894.8143 ಆಗಿಬಿಡುವುದರಿಂದ, ಅದರ ಕೆಳಗೆ ಲೇಖಕರ ಹೆಸರಿನ ಮೊದಲ ಅಕ್ಷರಗಳಿಲ್ಲದಿದ್ದರೆ ಲೇಬಲ್ ಇದ್ದೂ ಇಲ್ಲದಂತೆ. ಪುಸ್ತಕದ ಬೆನ್ನಿನ ಬುಡದಿಂದ 1 ಇಂಚು ಮೇಲೆ, ಎಲ್ಲಕ್ಕೂ ಒಂದೇ ಎತ್ತರದಲ್ಲಿ ಅಂಟಿಸಿ. ತೆಳ್ಳಗಿನ ಪುಸ್ತಕವಾದರೆ ಮುಖಪುಟದ ಎಡ ಕೆಳಮೂಲೆ. ಮೇಲೆ ಸಾದಾ ಸೆಲೋಟೇಪ್ ಬೇಡ. ನಮ್ಮ ಕಡೆ ಬೇಸಿಗೆಗೆ ಅದು ಹಳದಿಯಾಗಿ ಎದ್ದು, ಲೇಬಲ್ಲನ್ನೂ ಕಿತ್ತುಕೊಂಡು ಬರುತ್ತದೆ.

ಲೈಬ್ರರಿ ಪೀರಿಯಡ್ಡು ಕೊಡು-ತಗೊಳ್ಳುವುದರಲ್ಲೇ ಮುಗಿದರೆ ಮಕ್ಕಳು ಓದುವುದು ಯಾವಾಗ? ವಾಪಸ್ ಬರುವ ಪುಸ್ತಕಗಳನ್ನು ಮಾನಿಟರ್ ಬೆಳಿಗ್ಗೆಯೇ ತಂದಿಡಲಿ. ವಿತರಣೆ ಪುಸ್ತಕದಲ್ಲಿ ರೋಲ್ ನಂಬರಿನಂತೆ ಒಬ್ಬರಿಗೊಂದು ಪುಟ ಇರಲಿ. ಉಳಿದ ಹೊತ್ತಿನಲ್ಲಿ ಪರಿವಿಡಿ, ಪದಸೂಚಿ ನೋಡುವುದನ್ನು ಕಲಿಸಬಹುದು. ಈ ಹುದ್ದೆಯಲ್ಲಿ ಮೇಷ್ಟ್ರ ಕೆಲಸ ಅಂದರೆ ಅದೇ.

ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರ್ ಆಮೇಲೆ. ರಿಜಿಸ್ಟರಿನ ಕಾಲಮ್ಮುಗಳನ್ನೇ ಈಗಿನಿಂದ ಎಕ್ಸೆಲ್‌ನಲ್ಲಿ ಯೂನಿಕೋಡ್ ಕನ್ನಡದಲ್ಲಿ ತುಂಬುತ್ತ ಹೋದರೆ ಸಾಕು.