ಸಹಾಯ ಬೇಕು: ಮನೆಯಲ್ಲಿ ಕಟ್ಟಿದ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ರೋಧ ಅಳೆಯುವ ಉಪಕರಣ) ಸೋರಿಕೆ ಕರೆಂಟ್ ತಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೊಳವೆಬಾವಿ ಮೋಟಾರಿನ ವೈಂಡಿಂಗ್ ಇನ್ಸುಲೇಷನ್ ಅಳೆಯಲೆಂದು, 12 ವೋಲ್ಟ್ ಬ್ಯಾಟರಿಯಿಂದ 500 ವೋಲ್ಟ್ ಡಿಸಿ ಕೊಡುವ ಸರ್ಕ್ಯೂಟ್ ಕಟ್ಟಿದ್ದೇನೆ. ಸುರಕ್ಷತೆಗಾಗಿ ಸರಣಿಯಲ್ಲಿ 1 ಮೆಗಾಓಮ್ ಇದೆ (ಕಾಲು ವ್ಯಾಟ್‌ನ ಒಂದೇ ರೆಸಿಸ್ಟರ್ ಇಷ್ಟು ವೋಲ್ಟೇಜನ್ನು ನೆಚ್ಚಿಕೆಯಿಂದ ತಾಳದಾದ್ದರಿಂದ ನಾಲ್ಕನ್ನು ಸೇರಿಸಿದ್ದೇನೆ). ಹರಿಯುವ ಕರೆಂಟನ್ನು ಋಣ ತುದಿಯಲ್ಲಿರುವ 10 ಕಿಲೋಓಮ್ ರೆಸಿಸ್ಟರಿನ ಮೇಲಿನ ವೋಲ್ಟೇಜಾಗಿ ಮಲ್ಟಿಮೀಟರಿನಲ್ಲಿ ಓದುತ್ತೇನೆ. 100 ಮೆಗಾಓಮ್‌ಗೆ ಸುಮಾರು 50 ಮಿಲಿವೋಲ್ಟ್ ಸರಿಯಾಗಿಯೇ ಬರುತ್ತದೆ. ಆದರೆ 1 ಗಿಗಾಓಮ್‌ಗೆ 5 ಬರಬೇಕಾದಲ್ಲಿ, ಮಳೆಗಾಲದ ತೇವದಲ್ಲಿ, 8 ಮಿಲಿವೋಲ್ಟ್‌ವರೆಗೂ ಏರಿ ಅಲೆದಾಡುತ್ತದೆ. ಏನನ್ನೂ ಜೋಡಿಸದಿದ್ದಾಗಲೂ 3 ತೋರಿಸುವುದರಿಂದ ಬೋರ್ಡಿನ ಮೇಲ್ಮೈಯಲ್ಲೇ ಸೋರಿಕೆಯಿದೆ ಎಂಬುದು ನನ್ನ ಅನುಮಾನ.

ಅಳತೆಯ ಬಿಂದುವಿನ ಸುತ್ತ ಗಾರ್ಡ್ ಪಟ್ಟಿ (ಸೋರಿಕೆ ಕರೆಂಟ್ ಅಳತೆಗೆ ಸೇರದಂತೆ ಬೇರೆಡೆಗೆ ಒಯ್ಯುವ ತಾಮ್ರದ ಗೆರೆ) ಎಳೆದು ಅದನ್ನು ಸರಬರಾಜಿನ ಋಣ ತುದಿಗೆ ಸೇರಿಸಿದರೆ ಸಾಕೇ, ಅಥವಾ ಆಪ್‌ಆಂಪ್ (ಸಣ್ಣ ವೋಲ್ಟೇಜನ್ನು ವರ್ಧಿಸುವ ಐಸಿ) ಬಳಸಲೇಬೇಕೇ? ಪರೀಕ್ಷೆಯ ನಂತರ ಉದ್ದನೆಯ ಕೇಬಲಿನಲ್ಲಿ ಉಳಿಯುವ ಚಾರ್ಜನ್ನು ಇಳಿಸಲು ಎಷ್ಟು ಓಮ್‌ನ ರೆಸಿಸ್ಟರ್ ಸೂಕ್ತವೆಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.