ಹದಿನೈದು ಕಪ್ಪು ಒಡೆದವನದೇ ದೊಡ್ಡ ತಪ್ಪು ಅಂತಾನೆ ಮಗ. ತಿದ್ದಬೇಕಾ?

ಪ್ರಶ್ನೆ

ಶಿಕ್ಷಕರ ತರಬೇತಿ ಪರೀಕ್ಷೆಗೆ ಓದುತ್ತಿದ್ದೇನೆ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಮಕ್ಕಳಿಗೆ ಹೇಳುತ್ತಿದ್ದ ಒಂದು ಕಥೆ ಸಿಕ್ಕಿತು. ಊಟಕ್ಕೆ ಕರೆದರು ಅಂತ ಒಬ್ಬ ಹುಡುಗ ಬಾಗಿಲು ತಳ್ಳುತ್ತಾನೆ. ಬಾಗಿಲ ಹಿಂದೆ ಕುರ್ಚಿ ಮೇಲೆ ಟ್ರೇ ಇರುವುದು ಅವನಿಗೆ ಗೊತ್ತಿಲ್ಲ. ಅದರಲ್ಲಿದ್ದ 15 ಕಪ್ಪೂ ಬಿದ್ದು ಚೂರು. ಇನ್ನೊಬ್ಬ ಅಮ್ಮ ಇಲ್ಲದಾಗ ಕುರ್ಚಿ ಹತ್ತಿ ಕಪಾಟಿನ ಜಾಮ್ ಕದಿಯಲು ಹೋಗಿ 1 ಕಪ್ಪು ಒಡೆಯುತ್ತಾನೆ. ಯಾರದು ಜಾಸ್ತಿ ತಪ್ಪು?

ರಾತ್ರಿ ಮಲಗಿಸುವಾಗ ಐದು ವರ್ಷದ ಮಗನನ್ನು ಇದನ್ನೇ ಕೇಳಿದೆ. ಬೆರಳು ಮಡಿಸಿ ಎಣಿಸಲು ಹೊರಟ. ಎರಡೂ ಕೈ ಸಾಲಲಿಲ್ಲ. ನನ್ನ ಕೈಯನ್ನೂ ಎಳೆದುಕೊಂಡು ಎಣಿಸಿ, "ಹದಿನೈದು ಒಡೆದವನದು" ಅಂದ. "ಪಾಪ, ಅವನಿಗೆ ಗೊತ್ತೇ ಇರಲಿಲ್ವಲ್ಲ?" ಅಂದೆ. "ಆದ್ರೂ ಹದಿನೈದು ಅಮ್ಮಾ."

ಸರಿ ತಪ್ಪಿನ ಯೋಚನೆ 6 ಹಂತಗಳಲ್ಲಿ ಬೆಳೆಯುತ್ತದೆ ಅಂತ ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್ ಹೇಳಿದ್ದ. ಅದರಲ್ಲಿ ಇವನು ಮೊದಲನೆಯದರಲ್ಲಿ, ಅಂದರೆ ಶಿಕ್ಷೆ ನೋಡಿ ತಪ್ಪು ಅಳೆಯುವ ಹಂತದಲ್ಲಿ ಇದ್ದಾನೆ ಅಂತಾಯಿತು, ಅಲ್ವಾ? ಹಾಗೇ ಬಿಟ್ಟರೆ ತಾನಾಗಿ ಮೇಲೇರುತ್ತಾನಾ, ನಾನು ಹೇಳಿಕೊಡಬೇಕಾ?

ಉತ್ತರ 1

ಒಂದೇ ಉತ್ತರ ಹಿಡಿದು ಮಗುವನ್ನು ಹಂತಕ್ಕೆ ಕಟ್ಟಿಹಾಕಬೇಡಿ. ಕೋಲ್‌ಬರ್ಗ್ ನೋಡುತ್ತಿದ್ದದ್ದು ಉತ್ತರವನ್ನಲ್ಲ, ಅದಕ್ಕೆ ಕೊಡುವ ಕಾರಣವನ್ನು. ಅವನ ಕಥೆಯೊಂದರಲ್ಲಿ ಹೈಂಜ್ ಅನ್ನುವವನು ಸಾಯುತ್ತಿರುವ ಹೆಂಡತಿಗಾಗಿ ಔಷಧಿ ಕದಿಯಬಹುದಾ ಅಂತ ಕೇಳಿದಾಗ, ಹೌದು ಅಂದವರೂ ಬೇಡ ಅಂದವರೂ ಒಂದೇ ಹಂತದಲ್ಲಿ ಇರಬಹುದು. ಇನ್ನೊಂದು ಮಾತು. 1958ರ ಅವನ ಪ್ರಬಂಧಕ್ಕೆ ಮಾತಾಡಿಸಿದ್ದು 10, 13, 16 ವರ್ಷದ 72 ಹುಡುಗರನ್ನು. ಹುಡುಗಿ ಒಬ್ಬಳೂ ಇರಲಿಲ್ಲ. 1982ರಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ ಇದನ್ನೇ ಪ್ರಶ್ನಿಸಿ, ನ್ಯಾಯದ ಲೆಕ್ಕದ ಜೊತೆ ಇನ್ನೊಬ್ಬರ ಬಗೆಗಿನ ಕಾಳಜಿಯೂ ನೈತಿಕತೆಯೇ, ಹೆಣ್ಣುಮಕ್ಕಳಲ್ಲಿ ಅದು ಹೆಚ್ಚು ಕಾಣುತ್ತದೆ ಅಂದರು. ಗಂಡು ಹೆಣ್ಣಿನ ವ್ಯತ್ಯಾಸ ಅವರು ಅಂದಷ್ಟು ದೊಡ್ಡದಾಗಿ ಆಮೇಲೆ ಕಾಣಲಿಲ್ಲ. ಆದರೂ ಆ ಏಣಿ ಎಲ್ಲರಿಗೂ ಒಂದೇ ಅನ್ನುವ ನಂಬಿಕೆ ಸಡಿಲವಾಯಿತು.

ಉತ್ತರ 2

ನಾನು ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತೇನೆ. ಆ ಕಥೆಯಲ್ಲೇ ಒಂದು ತೊಡಕಿದೆ. ಬೇಕಂತ ಮಾಡಿದ್ದಾ ಅನ್ನುವುದೂ ಎಷ್ಟು ಹಾಳಾಯಿತು ಅನ್ನುವುದೂ ಒಟ್ಟಿಗೇ ಬದಲಾಗುತ್ತವೆ. ಹದಿನೈದು ಅನ್ನುವುದು ಮಗುವಿನ ಕಣ್ಣು ತುಂಬಿಬಿಡುತ್ತದೆ. ಇಬ್ಬರೂ ಒಂದೊಂದೇ ಕಪ್ಪು ಒಡೆದರು ಅಂತ ಹೇಳಿ ನೋಡಿ. ಸಣ್ಣ ಮಕ್ಕಳೂ ಉದ್ದೇಶ ಗಮನಿಸುತ್ತಾರೆ.

ಬರೀ ನಿಯಮ ಮುರಿಯುವುದಕ್ಕೂ ನಿಜವಾದ ತಪ್ಪಿಗೂ ವ್ಯತ್ಯಾಸ ಮಕ್ಕಳಿಗೆ ಗೊತ್ತು ಅಂತ ತೋರಿಸಿದ ಮನಶ್ಶಾಸ್ತ್ರಜ್ಞ ಎಲಿಯಟ್ ಟ್ಯೂರಿಯಲ್ ದಾರಿಯ ಪ್ರಶ್ನೆಯೂ ಕೇಳಿ: "ಟೀಚರ್ ಪರವಾಗಿಲ್ಲ ಅಂದರೆ ಯೂನಿಫಾರ್ಮ್ ಇಲ್ಲದೆ ಬರಬಹುದಾ? ಟೀಚರ್ ಪರವಾಗಿಲ್ಲ ಅಂದರೆ ಪಕ್ಕದವನಿಗೆ ಹೊಡೆಯಬಹುದಾ?" ನನ್ನ ಕ್ಲಾಸಿನ ಪುಟಾಣಿಗಳು ಮೊದಲನೆಯದಕ್ಕೆ ಹೂಂ ಅಂದರು. ಎರಡನೆಯದಕ್ಕೆ ಒಬ್ಬಳು ಎದ್ದು ನಿಂತು, "ಅವನಿಗೆ ನೋವಾಗುತ್ತೆ ಮಿಸ್" ಅಂದಳು. ಶಿಕ್ಷೆಯ ಮಾತೇ ಇಲ್ಲ ನೋಡಿ.

ಕೊನೆಗೆ, ಮನೆಯಲ್ಲಿ ಬೈಗುಳ ಹೇಗೆ ಬೀಳುತ್ತದೆ ಅಂತಲೂ ಗಮನಿಸಿ. ದೊಡ್ಡವರು ಹಾಳಾದ ವಸ್ತುವಿನ ಲೆಕ್ಕದಲ್ಲಿ ಬೈದರೆ ಮಕ್ಕಳೂ ಅದೇ ಲೆಕ್ಕ ಕಲಿಯುತ್ತಾರೆ ಅಂತ ಪಿಯಾಜೆ 1932ರಲ್ಲೇ ಬರೆದಿದ್ದಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೊನೆಯ ಮಾತು ನನಗೆ ನಾಟಿತು. ಹೋದ ವಾರ ನನಗೆ ಕುಡಿಯಲು ನೀರು ತರಲು ಹೋಗಿ ಇವನು ಗಾಜಿನ ಜಗ್ಗು ಕೈಬಿಟ್ಟಿದ್ದ. ಯಾಕೆ ಎತ್ತಿಕೊಂಡೆ ಅಂತ ಕೇಳಲೇ ಇಲ್ಲ, ಜಗ್ಗು ಹೋಯಿತು ಅಂತ ಕೂಗಾಡಿದ್ದೆ.

ನಿನ್ನೆ ಒಂದೊಂದು ಕಪ್ಪಿನ ಕಥೆ ಹೇಳಿದೆ. ತಕ್ಷಣ "ಜಾಮ್ ಕದ್ದವನದು" ಅಂದ. ಆಮೇಲೆ ಹಳೆ ಕಥೆಗೇ ವಾಪಸ್ ಬಂದ. ಸ್ವಲ್ಪ ಹೊತ್ತು ಸುಮ್ನೆ ಮಲಗಿದ್ದು, "ಅಮ್ಮಾ, ಬಾಗಿಲ ಹಿಂದೆ ಆ ಟ್ರೇ ಇಟ್ಟಿದ್ದು ಯಾರು?" ಅಂತ ಕೇಳಿದ.

ದೊಡ್ಡವರು ಯಾರೋ ಇಟ್ಟಿರಬೇಕು ಅಂದೆ.

"ಮತ್ತೆ ಅವರಿಗೆ ಯಾರು ಬೈತಾರೆ?"